ವಿಮೆಯ ಎರಡನೆಯ ಮಾತು



ವಾರ್ಷಿಕೋತ್ಸವದ ಈ ಶುಭಸಮಯದಲ್ಲಿ ಕೋರ್ಟು ಕಚೇರಿಯ ಮಾತೇಕೆ ಎಂದು ತಾವು ಕೇಳಬಹುದು. ಅಕ್ಕಲಕೋಟೆ, ಜತ್ತ, ಸೊಲ್ಲಾಪುರಗಳ ನಮ್ಮ ಮನೆಗಳ ಮುಂದೆ ಇಂದು ಟ್ರ್ಯಾಕ್ಟರು, ಟೆಂಪೊ, ಮೋಟಾರು ಸೈಕಲ್ಲುಗಳು ನಿಂತಿವೆ. ಅವುಗಳ ವಿಮಾಪತ್ರ ಇಂಗ್ಲಿಷಿನಲ್ಲಿರುತ್ತದೆ. ಅಪಘಾತವಾದರೆ ಬರುವ ಸಮನ್ಸು ಬಹುಮಟ್ಟಿಗೆ ಮರಾಠಿಯಲ್ಲಿರುತ್ತದೆ. ಇವೆರಡರ ನಡುವೆ ಕನ್ನಡ ಶಾಲೆಯಲ್ಲಿ ಓದಿದ ನಾವಿದ್ದೇವೆ. ಆದುದರಿಂದ ಆ ಪತ್ರದ ಒಂದು ಮುಖ್ಯ ವಿಷಯವನ್ನು ನಮ್ಮ ನುಡಿಯಲ್ಲಿ ನಿವೇದಿಸುವುದು ಅನುಚಿತವಾಗಲಾರದೆಂದು ಭಾವಿಸುತ್ತೇನೆ.

ವ್ಯಾಜ್ಯದಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬುದು ಹಿರಿಯರ ಮಾತು. ಸೋತವನು ಪರಿಹಾರ ಕೊಟ್ಟು ಕೆಡುತ್ತಾನೆ. ಗೆದ್ದವನು ವಕೀಲರ ವೆಚ್ಚ ಕೊಟ್ಟು ಬಡವನಾಗುತ್ತಾನೆ. ಹೊಣೆಗಾರಿಕೆಯ ವಿಮೆಯಲ್ಲಿಯೂ ಇದಕ್ಕೆ ತಕ್ಕಂತೆ ಎರಡು ಮಾತುಗಳಿವೆ. ನಮ್ಮಿಂದ ಹಾನಿಗೊಳಗಾದವರಿಗೆ ಪರಿಹಾರ ಕೊಡುವೆನೆಂಬುದು ಮೊದಲನೆಯದು. ಮೊಕದ್ದಮೆಯನ್ನು ಎದುರಿಸುವ ವೆಚ್ಚವನ್ನು ವಹಿಸುವೆನೆಂಬುದು ಎರಡನೆಯದು. ಮೊದಲನೆಯದನ್ನು ಎಲ್ಲರೂ ಬಲ್ಲರು. ಎರಡನೆಯದನ್ನು ಬಲ್ಲವರು ವಿರಳ.

ನಮ್ಮ ದೇಶದಲ್ಲಿ 1939ರ ಮೋಟಾರು ವಾಹನ ಕಾಯಿದೆಯ ಮೇರೆಗೆ ಮೂರನೆಯವರ ವಿಮೆಯು 1946ರ ಜುಲೈ 1ರಿಂದ ಕಡ್ಡಾಯವಾಯಿತು. ಈಗಿನ 1988ರ ಕಾಯಿದೆಯ 146ನೆಯ ಕಲಮು ಅದನ್ನೇ ವಿಧಿಸುತ್ತದೆ. ಸಾಮಾನ್ಯ ಮೋಟಾರು ವಿಮಾಪತ್ರದಲ್ಲಿ, ಕಂಪನಿಯ ಲಿಖಿತ ಸಮ್ಮತಿಯಿಂದ ಮಾಡಿದ ಖರ್ಚುವೆಚ್ಚಗಳನ್ನು ಕಂಪನಿಯೇ ಕೊಡುವುದೆಂದು ಬರೆದಿದೆ. ಮಾಲೀಕನ ಹೆಸರಿನಲ್ಲಿ ತಾನೇ ವಾದ ನಡೆಸುವ, ಇಲ್ಲವೆ ರಾಜಿ ಮಾಡಿಕೊಳ್ಳುವ ಅಧಿಕಾರವನ್ನೂ ಕಂಪನಿ ಇಟ್ಟುಕೊಂಡಿದೆ. 'ಲಿಖಿತ ಸಮ್ಮತಿ' ಎಂಬ ಮಾತನ್ನು ಮರೆಯಬಾರದು. ಕೇಳದೆ ನಾವೇ ವಕೀಲರನ್ನಿಟ್ಟು, ಆಮೇಲೆ ಲೆಕ್ಕ ಕಳಿಸಿದರೆ ಕಂಪನಿ ಕೊಡಲು ಬದ್ಧವಲ್ಲ.

ಈ ಎರಡನೆಯ ಮಾತು ನಡೆಯಬೇಕಾದರೆ ನಮ್ಮ ಕಡೆಯಿಂದ ಎರಡು ಕರ್ತವ್ಯಗಳಿವೆ. ಅಪಘಾತವಾದ ಕೂಡಲೆ ಬರಹದಲ್ಲಿ ತಿಳಿಸಿ, ಬಂದ ನೋಟೀಸು ಸಮನ್ಸುಗಳನ್ನು ತಡಮಾಡದೆ ಕಂಪನಿಗೆ ಕಳಿಸಬೇಕು. ಕಂಪನಿಯನ್ನು ಕೇಳದೆ ತಪ್ಪೊಪ್ಪಿಗೆಯನ್ನಾಗಲಿ ಹಣದ ಕರಾರನ್ನಾಗಲಿ ಬರೆದುಕೊಡಬಾರದು. ಇದರಿಂದ ಗಾಯಾಳುವನ್ನು ಕೈಬಿಡಬೇಕೆಂದು ಯಾರೂ ತಿಳಿಯಬಾರದು. ಅವರಿಗೆ ವೈದ್ಯಕೀಯ ನೆರವು ದೊರಕಿಸುವುದು 134ನೆಯ ಕಲಮಿನ ಕಟ್ಟಳೆ. ಅದಕ್ಕೂ ಮೊದಲು ಅದು ಮನುಷ್ಯಧರ್ಮ. ನೀರು ಕೊಡುವುದು, ಆಸ್ಪತ್ರೆಗೆ ಸೇರಿಸುವುದು ಕರಾರು ಬರೆದುಕೊಟ್ಟಂತೆ ಆಗುವುದಿಲ್ಲ.

ಇನ್ನು ಮಿತಿಯ ವಿಚಾರ. ಮೋಟಾರು ವಿಮೆಯಲ್ಲಿ ಮೂರನೆಯವರ ಸಾವು, ಗಾಯಗಳ ಪರಿಹಾರಕ್ಕೆ ಮೊತ್ತದ ಮಿತಿಯಿಲ್ಲ. ಅವರ ಆಸ್ತಿಯ ಹಾನಿಗೆ ಮಾತ್ರ ಸಾಮಾನ್ಯವಾಗಿ ದ್ವಿಚಕ್ರ ವಾಹನಕ್ಕೆ 1 ಲಕ್ಷ, ಇತರ ವಾಹನಗಳಿಗೆ 7.5 ಲಕ್ಷ ರೂಪಾಯಿಗಳ ಮಿತಿಯುಂಟು. ವೈದ್ಯರು, ಇಂಜಿನಿಯರರು, ಕಾರ್ಖಾನೆಯವರು ಕೊಳ್ಳುವ ಹೊಣೆಗಾರಿಕೆಯ ವಿಮೆಯ ಬಗೆ ಬೇರೆ. ಅಲ್ಲಿ ವಾದದ ವೆಚ್ಚವು ವಿಮಾ ಮೊತ್ತದ ಒಳಗೋ ಹೊರಗೋ ಎಂಬುದನ್ನು ಮೊದಲೇ ನೋಡಬೇಕು. ವಿಮೆ 10 ಲಕ್ಷದ್ದೆಂದೂ, ವಕೀಲರ ವೆಚ್ಚ 3 ಲಕ್ಷವೆಂದೂ, ಕೋರ್ಟು ವಿಧಿಸಿದ ಪರಿಹಾರ 9 ಲಕ್ಷವೆಂದೂ ಎಣಿಸಿರಿ. ವೆಚ್ಚ ಹೊರಗಿದ್ದರೆ ಕಂಪನಿ ಎರಡನ್ನೂ ಪೂರ್ತಿ ಕೊಡುತ್ತದೆ. ಒಳಗಿದ್ದರೆ ಪರಿಹಾರಕ್ಕೆ ಉಳಿಯುವುದು 7 ಲಕ್ಷ ಮಾತ್ರ. ಮಿಕ್ಕ 2 ಲಕ್ಷ ಮನೆಯಿಂದ ಹೋಗಬೇಕು. ಒಂದು ಸಾಲಿನ ವ್ಯತ್ಯಾಸದಿಂದ ಒಂದು ಹೊಲವೇ ಹೋದೀತು.

ಎಲ್ಲಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. "ಕಂಪನಿಯ ವಕೀಲರಿದ್ದಾರೆ, ನಾವೇಕೆ ಹೋಗಬೇಕು?" ಎಂದು ಸಮನ್ಸನ್ನು ಗೋಡೆಯ ಗೂಡಿನಲ್ಲಿಟ್ಟು ಸುಮ್ಮನಾಗುವುದು. ಚಾಲಕನಿಗೆ ತಕ್ಕ ಲೈಸೆನ್ಸಿರಲಿಲ್ಲ ಎಂದು ಕಂಪನಿ ವಾದಿಸಿದಾಗ ಅದರ ವಕೀಲರು ನಮ್ಮ ವಕೀಲರಲ್ಲ, ನಮ್ಮ ಎದುರಾಳಿಗಳು. ಲೈಸೆನ್ಸು, ಪರ್ಮಿಟ್ಟುಗಳ ಕಾಗದವಿರುವುದು ಮಾಲೀಕನ ಪೆಟ್ಟಿಗೆಯಲ್ಲಿ. ಅವನೇ ಗೈರುಹಾಜರಾದರೆ ಅದನ್ನು ತೋರಿಸುವವರಾರು? 2004ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎರಡು ಮಾತು ಹೇಳಿತು. ಷರತ್ತು ಮುರಿದುದನ್ನೂ ಅದರಲ್ಲಿ ಮಾಲೀಕನ ಅಜಾಗ್ರತೆಯನ್ನೂ ಸಿದ್ಧಪಡಿಸುವ ಭಾರ ಕಂಪನಿಯದು. ಸಿದ್ಧವಾದರೆ, ಗಾಯಾಳುವಿಗೆ ಕೊಟ್ಟ ಹಣವನ್ನು ಮಾಲೀಕನಿಂದ ವಸೂಲು ಮಾಡುವ ಆಜ್ಞೆಯಾಗಬಹುದು. ಆದುದರಿಂದ ಇಂತಹ ಆಕ್ಷೇಪ ಎದ್ದೊಡನೆ ಸ್ವಂತ ವಕೀಲರನ್ನು ನಿಯಮಿಸುವುದು ವಿವೇಕ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡಗಳವರು ಹಾಗೂ ನಿಯಮಿತ ಆದಾಯದ ಒಳಗಿನವರು 1987ರ ಕಾಯಿದೆಯಂತೆ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕಿನ ಕೋರ್ಟಿನಲ್ಲಿ ವಿಚಾರಿಸಬಹುದು.

ಚಾಲಕನ ಮೇಲಿನ ಫೌಜುದಾರಿ ಮೊಕದ್ದಮೆಯ ವಾದವನ್ನು ವಹಿಸುವುದು ಕಂಪನಿಯ ಇಚ್ಛೆಗೆ ಸೇರಿದ್ದು; ಅದು ನಮ್ಮ ಹಕ್ಕಲ್ಲ. ಕೋರ್ಟು ವಿಧಿಸುವ ದಂಡವನ್ನಂತೂ ವಿಮೆ ತೆರುವುದಿಲ್ಲ.

ಗಡಿಯ ನಮಗೆ ಮತ್ತೊಂದು ಸಂಗತಿ. ಅಪಘಾತ ನಡೆದ ಸ್ಥಳದಲ್ಲಿಯೂ, ಪರಿಹಾರ ಕೇಳುವವರ ಇಲ್ಲವೆ ಪ್ರತಿವಾದಿಯ ಊರಿನಲ್ಲಿಯೂ ಅರ್ಜಿ ಹಾಕಲು 166ನೆಯ ಕಲಮು ಅವಕಾಶ ಕೊಡುತ್ತದೆ. ಅಕ್ಕಲಕೋಟೆಯ ಟೆಂಪೊ ಆಳಂದದ ಬಳಿ ಯಾರಿಗಾದರೂ ತಾಗಿದರೆ ಕರೆ ಕಲಬುರಗಿಯಿಂದಲೂ ಬರಬಹುದು, ಸೊಲ್ಲಾಪುರದಿಂದಲೂ ಬರಬಹುದು. ಯಾವ ಭಾಷೆಯಲ್ಲಿ ಬಂದರೂ ಅದು ಓದಿಸಲೇಬೇಕಾದ ಕಾಗದ.

ನಮ್ಮ ಸಂಘವು ತಿಂಗಳಿಗೊಂದು ಸಂಜೆ ಇಂತಹ ಕಾಗದಗಳನ್ನು ಕನ್ನಡದಲ್ಲಿ ಓದಿ ಹೇಳುವ ವ್ಯವಸ್ಥೆ ಮಾಡಿದರೆ ಅದೂ ನುಡಿಸೇವೆಯೇ ಆದೀತು. ಅರ್ಥವಾಗದ ಕಾಗದಕ್ಕೆ ಹೆದರಿ ಹೊಲ ಮಾರುವ ಗತಿ ನಮ್ಮವರಲ್ಲಿ ಯಾರಿಗೂ ಬಾರದಿರಲಿ ಎಂದು ಹಾರೈಸುತ್ತೇನೆ.