ಮೂರು ಗಂಟೆಯ ಗಡುವು

ಗಾಯವಾದೊಡನೆ ರಕ್ತ ಹರಿಯುತ್ತದೆ. ತುಸು ಹೊತ್ತಿನಲ್ಲಿ ಹೆಪ್ಪುಗಟ್ಟಿ ನಿಲ್ಲುತ್ತದೆ. ಇದು ಎಲ್ಲರೂ ಕಂಡ ಸಂಗತಿ. ಆದರೆ ದೇಹವು ತಾನು ಕಟ್ಟಿದ ಹೆಪ್ಪನ್ನು ತಾನೇ ಕರಗಿಸುತ್ತಲೂ ಇರುತ್ತದೆ. ಸಾಮಾನ್ಯ ಕಾಲದಲ್ಲಿ ಇದು ಹಿತವೇ. ದೊಡ್ಡ ಅಪಘಾತದಲ್ಲಿ ಮಾತ್ರ ಈ ಕರಗುವಿಕೆ ಮಿತಿಮೀರಿ ಪ್ರಾಣಕ್ಕೆ ಎರವಾಗಬಹುದು.

ಇದನ್ನು ತಡೆಯುವ ಔಷಧವೊಂದನ್ನು ಜಪಾನಿನ ಶೋಸುಕೆ ಮತ್ತು ಉಟಾಕೊ ಒಕಾಮೊಟೊ ದಂಪತಿಗಳು 1962ರಲ್ಲಿ ಲೋಕಕ್ಕೆ ತಿಳಿಸಿದರು. ಅದರ ಹೆಸರು ಟ್ರಾನೆಕ್ಸಾಮಿಕ್ ಆಮ್ಲ. ಹೆರಿಗೆಯ ರಕ್ತಸ್ರಾವದಿಂದ ಸಾಯುವ ತಾಯಂದಿರನ್ನು ಉಳಿಸಬೇಕೆಂಬುದು ಉಟಾಕೊ ಅವರ ಹಂಬಲವಾಗಿತ್ತು. ಆದರೆ ಅಂದಿನ ಪ್ರಸೂತಿ ವೈದ್ಯರು ಅದನ್ನು ಪರೀಕ್ಷಿಸಲು ಮುಂದಾಗಲಿಲ್ಲ.

ಸುಮಾರು ಅರ್ಧ ಶತಮಾನ ಕಳೆದ ಮೇಲೆ, ಭಾರತವೂ ಸೇರಿ 40 ದೇಶಗಳ 274 ಆಸ್ಪತ್ರೆಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗಾಯಾಳುಗಳ ಮೇಲೆ ಪ್ರಯೋಗ ನಡೆಯಿತು. ಅರ್ಧ ಜನರಿಗೆ ಈ ಔಷಧ, ಉಳಿದವರಿಗೆ ಅದರಂತೆಯೇ ತೋರುವ ಬರಿಯ ದ್ರಾವಣ. ಫಲಿತಾಂಶ ಬಂದದ್ದು 2010ರಲ್ಲಿ. ಔಷಧ ಪಡೆಯದವರಲ್ಲಿ ನೂರಕ್ಕೆ 16 ಮಂದಿ ಸತ್ತರು; ಪಡೆದವರಲ್ಲಿ 14.5. ಅಂತರ ಅಲ್ಪವೆಂದು ತೋರಬಹುದು. ಆದರೆ ಸಾವಿರ ಗಾಯಾಳುಗಳಲ್ಲಿ ಹದಿನೈದು ಮಂದಿ ಮನೆಗೆ ಮರಳಿದರೆಂದು ಎಣಿಸಿ ನೋಡಿ.

ಮರುವರ್ಷದ ವಿಶ್ಲೇಷಣೆ ಇನ್ನೊಂದು ಸತ್ಯವನ್ನು ಹೊರಗೆಡವಿತು. ಮೊದಲ ಗಂಟೆಯಲ್ಲಿ ಕೊಟ್ಟಾಗ ಪ್ರಯೋಜನ ಎಲ್ಲಕ್ಕಿಂತ ಹೆಚ್ಚು. ಮೂರು ಗಂಟೆ ಮೀರಿದ ಮೇಲೆ ಕೊಟ್ಟಾಗ ರಕ್ತಸ್ರಾವದ ಸಾವುಗಳು ಇಳಿಯುವ ಬದಲು ಏರಿದ್ದವು. ಅದೇ ಔಷಧ, ಅದೇ ಪ್ರಮಾಣ. ಬದಲಾದದ್ದು ಹೊತ್ತು ಮಾತ್ರ.

ತಾಯಂದಿರ ಪಾಲಿನ ಉತ್ತರ 2017ರಲ್ಲಿ ಬಂದಿತು. 21 ದೇಶಗಳ ಸುಮಾರು ಇಪ್ಪತ್ತು ಸಾವಿರ ಬಾಣಂತಿಯರಲ್ಲಿ, ಮೂರು ಗಂಟೆಯೊಳಗೆ ಔಷಧ ದೊರೆತವರಲ್ಲಿ ರಕ್ತಸ್ರಾವದ ಸಾವು ಮೂರನೆಯ ಒಂದರಷ್ಟು ಇಳಿದಿತ್ತು. ಉಟಾಕೊ ಹಿಂದಿನ ವರ್ಷವೇ ತೀರಿಕೊಂಡಿದ್ದರು.

ನಾನು ವೈದ್ಯನಾಗಿ ಸೇರಿದ ಹೊಸತರಲ್ಲಿ, ಒಂದು ರಾತ್ರಿ, ಲಾರಿ ಬಡಿದ ತರುಣನೊಬ್ಬನನ್ನು ಐದು ಗಂಟೆ ತಡವಾಗಿ ತಂದರು. ಮುಟ್ಟಿದರೆ ಪೊಲೀಸರ ಕಾಟ, ಕೋರ್ಟಿನ ಅಲೆದಾಟ ಎಂದು ಜನ ದೂರದಲ್ಲೇ ನಿಂತಿದ್ದರಂತೆ. ಅವನು ಬದುಕಲಿಲ್ಲ. ಬೇಗ ಬಂದಿದ್ದರೆ ಉಳಿಯುತ್ತಿದ್ದನೋ ಏನೋ, ಹೇಳಲಾರೆ. ಆದರೆ ಆ ಐದು ಗಂಟೆಗಳನ್ನು ನಾನು ಮರೆತಿಲ್ಲ.

ಇಂದು ಆ ಭಯಕ್ಕೆ ಆಧಾರವಿಲ್ಲ. ಸದುದ್ದೇಶದಿಂದ ಗಾಯಾಳುವಿಗೆ ನೆರವಾದವರಿಗೆ ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯು ರಕ್ಷಣೆ ಕೊಟ್ಟಿದೆ. ಔಷಧವನ್ನು ಕೊಡುವುದು ವೈದ್ಯರ ಕೆಲಸ. ಆ ಮೂರು ಗಂಟೆಗಳನ್ನು ಉಳಿಸಿಕೊಡುವುದು ದಾರಿಯಲ್ಲಿ ಹೋಗುವ ನಿಮ್ಮ ನಮ್ಮೆಲ್ಲರ ಕೆಲಸ.