ಬಾಗಿಲು ಅದೇ, ಬೀಗ ಬೇರೆ



ಕೆನಡಾ ಎಂದೊಡನೆ ಇಂದು ನೆನಪಾಗುವುದು ಓದಲು, ದುಡಿಯಲು ಅಲ್ಲಿಗೆ ಹೋದ ನಮ್ಮೂರ ಮಕ್ಕಳು. ವಲಸೆ ಬಂದವರನ್ನು ಸ್ವಾಗತಿಸುವ ದೇಶವೆಂಬ ಹೆಸರೂ ಅದಕ್ಕಿದೆ. ಆದರೆ ನೂರು ವರ್ಷಗಳ ಹಿಂದೆ ಏಷ್ಯಾದವರನ್ನು ಹೊರಗಿಡಲು ಅದೇ ದೇಶ ನಿಯಮದ ಮೇಲೆ ನಿಯಮ ಮಾಡಿತ್ತು. ವಲಸೆಯ ಕಾನೂನನ್ನು ಓದುವಾಗ ಅದರಲ್ಲಿ ಏನು ಬರೆದಿದೆ ಎಂದು ನೋಡಿದರೆ ಸಾಲದು. ಅದರಿಂದ ಹೊಸ್ತಿಲಾಚೆ ಉಳಿಯುವವರು ಯಾರು ಎಂದೂ ಕೇಳಬೇಕು.

ಪೆಸಿಫಿಕ್ ಕರಾವಳಿಯ ಕಡೆ ಬೆಟ್ಟ ಕಡಿದು ರೈಲುಹಾದಿ ಹಾಕಲು ಕೆನಡಾಕ್ಕೆ ಸಾವಿರಾರು ಚೀನೀ ಕೂಲಿಗಳು ಬೇಕಾಗಿದ್ದರು. ಹಾದಿ ಮುಗಿದ 1885ರಲ್ಲೇ ಚೀನೀಯರ ಮೇಲೆ ತಲೆಗಂದಾಯ ಬಿತ್ತು. ಮೊದಲು 50 ಡಾಲರ್ ಇದ್ದದ್ದು 1903ರ ಹೊತ್ತಿಗೆ 500 ಆಯಿತು.

ಭಾರತೀಯರ ವಿಷಯ ತುಸು ತೊಡಕಿನದು. ಅವರೂ ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳೇ. ಹೆಸರು ಹಿಡಿದು ಬೇಡವೆಂದರೆ ಲಂಡನ್ನಿಗೆ ಮುಜುಗರ. ಆದ್ದರಿಂದ 1908ರಲ್ಲಿ ಬೇರೊಂದು ಉಪಾಯ ಹೂಡಲಾಯಿತು: ಬರುವವರು ತಮ್ಮ ದೇಶದಿಂದ ಎಲ್ಲೂ ಇಳಿಯದೆ, ಒಂದೇ ಪಯಣದಲ್ಲಿ ಬರಬೇಕು. ನಿಯಮದಲ್ಲಿ ಭಾರತದ ಹೆಸರಿಲ್ಲ. ಆದರೆ ಭಾರತದಿಂದ ನೇರವಾಗಿ ಅಲ್ಲಿಗೆ ಹೋಗುವ ಟಿಕೆಟ್ಟೇ ಸಿಗುತ್ತಿರಲಿಲ್ಲ!

ಇದರ ಬೆಲೆ ತೆತ್ತವರು 'ಕೊಮಗಾಟ ಮಾರು' ಹಡಗಿನವರು. ಗುರ್ದಿತ್ ಸಿಂಗ್ ಗೊತ್ತುಮಾಡಿದ ಈ ಹಡಗು 376 ಮಂದಿಯೊಡನೆ 1914ರ ಮೇ 23ರಂದು ವ್ಯಾಂಕೂವರ್ ತಲುಪಿತು. ಅವರಲ್ಲಿ ಬಹುಪಾಲು ಪಂಜಾಬಿನ ಸಿಖ್ಖರು. ಮೊದಲೇ ಅಲ್ಲಿ ನೆಲೆಸಿದ್ದ ಕೆಲವರನ್ನು ಬಿಟ್ಟರೆ ಉಳಿದವರಿಗೆ ಇಳಿಯಲು ಅಪ್ಪಣೆ ಸಿಗಲಿಲ್ಲ. ಎರಡು ತಿಂಗಳು ದಡ ಕಾಣುತ್ತ ನೀರಿನಲ್ಲೇ ಕಳೆದು ಹಿಂತಿರುಗಿದರು. ಕಲ್ಕತ್ತೆಯ ಬಳಿಯ ಬಜ್‌ಬಜ್‌ನಲ್ಲಿ ಪೊಲೀಸರೊಡನೆ ಘರ್ಷಣೆಯಾಗಿ ಗುಂಡು ಹಾರಿತು. ಸುಮಾರು ಇಪ್ಪತ್ತು ಜನ ಸತ್ತರು.

ಬಾಗಿಲು ಮತ್ತೆ ತೆರೆದದ್ದು ಭಾರತ ಸ್ವತಂತ್ರವಾದ ಮೇಲೆ. ಅದೂ 1951ರಲ್ಲಿ, ವರ್ಷಕ್ಕೆ 150 ಮಂದಿಗೆ! ಮುಂದೆ ಕುಶಲ ಕೆಲಸಗಾರರ ಕೊರತೆ ಬಿತ್ತು. ಯುರೋಪಿನವರು ಮಾತ್ರ ಸಾಕಾಗಲಿಲ್ಲ. 1962ರಲ್ಲಿ ಜನಾಂಗದ ಷರತ್ತು ಬಹುಮಟ್ಟಿಗೆ ಹೋಯಿತು. 1967ರಲ್ಲಿ ಅಂಕಗಳ ಪದ್ಧತಿ ಬಂದಿತು. ವಿದ್ಯೆಗೆ 20ರವರೆಗೆ, ವಯಸ್ಸಿಗೆ 10, ಭಾಷೆಗೆ 10, ಹೀಗೆ ನೂರರಲ್ಲಿ 50 ಗಳಿಸಿದವರು ಯಾವ ದೇಶದವರಾದರೂ ಸರಿ. ಇದು ದೊಡ್ಡ ನ್ಯಾಯವೇ. ಆದರೂ ಇಲ್ಲೊಂದು ಸೂಕ್ಷ್ಮವಿದೆ. ಪದವಿ ಪಡೆದವನಿಗೆ ಅಂಕ ಸಲೀಸು. ಕೊಮಗಾಟ ಮಾರುವಿನಲ್ಲಿದ್ದಂಥ ಹಳ್ಳಿಯ ದುಡಿಮೆಗಾರನಿಗೆ, ಅಲ್ಲಿ ನೆಂಟರಿಲ್ಲದಿದ್ದರೆ, ಅದು ಕಷ್ಟ. ಬಣ್ಣ ನೋಡುತ್ತಿದ್ದ ಕಾವಲುಗಾರ ಈಗ ಪ್ರಮಾಣಪತ್ರ ನೋಡತೊಡಗಿದ.

2016ರ ಮೇ ತಿಂಗಳಲ್ಲಿ ಪ್ರಧಾನಿ ಜಸ್ಟಿನ್ ಟ್ರುಡೊ ಕೊಮಗಾಟ ಮಾರು ಘಟನೆಗಾಗಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. 2022ರ ಮೇ ತಿಂಗಳಲ್ಲಿ ಅದೇ ಸದನದಲ್ಲಿ ಶಿರಾ ತಾಲ್ಲೂಕು ಮೂಲದ ಸದಸ್ಯ ಚಂದ್ರ ಆರ್ಯ ಕನ್ನಡದಲ್ಲಿ ಮಾತನಾಡಿದರು. ನೂರು ವರ್ಷಗಳಲ್ಲಿ ಆದದ್ದು ಸಣ್ಣ ಬದಲಾವಣೆಯಲ್ಲ.

ಹಾಗೆಂದು ಕಥೆ ಅಲ್ಲಿಗೆ ಸುಖಾಂತವಾಗಲಿಲ್ಲ. ಮನೆಗಳ ಅಭಾವ, ಏರಿದ ಬಾಡಿಗೆ ಜನರ ಸಿಟ್ಟಿಗೆ ಕಾರಣವಾದವು. 2024ರ ಆರಂಭದಲ್ಲಿ ವಿದೇಶಿ ವಿದ್ಯಾರ್ಥಿಗಳ ಪರವಾನಗಿಗೆ ಮಿತಿ ಬಿತ್ತು. ಅದೇ ಅಕ್ಟೋಬರಿನಲ್ಲಿ, 2025ಕ್ಕೆಂದು ಗೊತ್ತುಮಾಡಿದ್ದ 5 ಲಕ್ಷ ಕಾಯಂ ವಲಸಿಗರ ಗುರಿ 3,95,000ಕ್ಕೆ ಇಳಿಯಿತು. ಇಲ್ಲಿ ಹೊಲ ಒತ್ತೆಯಿಟ್ಟು ಮಗನನ್ನೋ ಮಗಳನ್ನೋ ಕಳುಹಿಸಿದವರಿಗೆ ಇದು ಬರಿಯ ಅಂಕಿಯಲ್ಲ. ಬ್ಯಾಂಕಿನ ಸಾಲದ ಕಂತು ಹಾಗೆಯೇ ಇರುತ್ತದೆ. ನಿಯಮ ಮಾತ್ರ ನಡುವೆಯೇ ಬದಲಾಗುತ್ತದೆ.

ತನ್ನ ಬಾಗಿಲನ್ನು ಕಾಯುವ ಹಕ್ಕು ಯಾವ ದೇಶಕ್ಕಾದರೂ ಉಂಟು. ಆದರೆ ಕರೆಯುವಾಗ ಕೈಗಳನ್ನಷ್ಟೇ ಕರೆದೆವೆಂದುಕೊಂಡರೂ ಬರುವವರು ಮನುಷ್ಯರು. ಕೆನಡಾ ತನ್ನ ತಪ್ಪನ್ನು ಒಪ್ಪಿಕೊಳ್ಳಲು 102 ವರ್ಷ ಹಿಡಿಯಿತು. ಅಷ್ಟರಲ್ಲಿ ಆ ಕ್ಷಮೆಯನ್ನು ಕೇಳಿಸಿಕೊಳ್ಳಬೇಕಾದವರು ಇರಲಿಲ್ಲ.