ಜಕಣಾಚಾರಿ ಮತ್ತು ಅವನ ಬಳಗ

ನಮ್ಮ ಹುಬ್ಬಳ್ಳಿ-ಧಾರವಾಡ ಸೀಮೆಯಲ್ಲಿ ಯಾವುದಾದರೊಂದು ಹಳೆಯ ಕಲ್ಲುಗುಡಿಯ ಮುಂದೆ ನಿಂತು, ಅಲ್ಲಿಯೇ ಕಟ್ಟೆಯ ಮೇಲೆ ಕುಳಿತ ಹಿರಿಯರೊಬ್ಬರನ್ನು ಮಾತಿಗೆಳೆಯಿರಿ. ಈ ಗುಡಿಯನ್ನು ಕಟ್ಟಿದವರು ಯಾರೆಂದು ಕೇಳಿರಿ. ಅವರು ಚಾಲುಕ್ಯರ ಹೆಸರನ್ನು ಹೇಳುವುದಿಲ್ಲ. ಆರನೆಯ ವಿಕ್ರಮಾದಿತ್ಯನನ್ನಂತೂ ನೆನೆಯುವುದೇ ಇಲ್ಲ. 'ಇನ್ಯಾರರೀ, ಜಕಣಾಚಾರಿ!' ಎಂದುಬಿಡುತ್ತಾರೆ. ಆ ದನಿಯಲ್ಲಿ ಸಂಶಯದ ಎಳೆಯೂ ಇರುವುದಿಲ್ಲ. ಕೇಳಿದವನಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂಬ ಸಣ್ಣ ಕನಿಕರ ಮಾತ್ರ ಇರುತ್ತದೆ.

ನಾನಿರುವ ತಾರಿಹಾಳದಿಂದ ಹೊರಟು ಉಣಕಲ್ಲಿನ ಚಂದ್ರಮೌಳೇಶ್ವರನನ್ನು ನೋಡಿದರೆ ಅದು ಜಕಣಾಚಾರಿಯದು. ಕುಂದಗೋಳದ ಶಂಭುಲಿಂಗನ ಗುಡಿಗೆ ಹೋದರೆ ಅದೂ ಅವನದೇ. ಅಣ್ಣಿಗೇರಿಯ ಅಮೃತೇಶ್ವರ, ಲಕ್ಕುಂಡಿಯ ಸಾಲುಗುಡಿಗಳು, ಡಂಬಳದ ದೊಡ್ಡಬಸಪ್ಪ, ಇಟಗಿಯ ಮಹಾದೇವ ಎಲ್ಲವೂ ಅವನ ಲೆಕ್ಕಕ್ಕೇ ಜಮೆ. ದಕ್ಷಿಣಕ್ಕೆ ಇಳಿದರೆ ಬೇಲೂರು, ಹಳೇಬೀಡು, ಸೋಮನಾಥಪುರಗಳೂ ಅವನ ಕೈಕೆಲಸ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಗೆ, ಜಕಣಾಚಾರಿ ಮುಟ್ಟದ ಕಲ್ಲಿಲ್ಲ ಎಂದು ಜೋಡಿಸಬಹುದು.

ಇನ್ನು ಸ್ವಲ್ಪ ಗಣಿತ ಮಾಡೋಣ. ಅಣ್ಣಿಗೇರಿಯ ಗುಡಿ 1050ರ ಸುಮಾರಿನದು. ಇಟಗಿಯದು 1112ರದು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಸೋಮನಾಥಪುರದ ಗುಡಿ ಹದಿಮೂರನೆಯ ಶತಮಾನದ ನಡುವಿನದು. ಎಲ್ಲವೂ ಒಬ್ಬನದೇ ಎನ್ನುವುದಾದರೆ ಆ ಪುಣ್ಯಾತ್ಮ ಇನ್ನೂರು ವರ್ಷ ಬಿಡುವಿಲ್ಲದೆ ಚಾಣ ಹಿಡಿದಿರಬೇಕು. ಕಲ್ಯಾಣದ ಚಾಲುಕ್ಯರಿಂದಲೂ ದ್ವಾರಸಮುದ್ರದ ಹೊಯ್ಸಳರಿಂದಲೂ ಏಕಕಾಲಕ್ಕೆ ಸಂಬಳ ಪಡೆದಿರಬೇಕು. ಅವೆರಡೂ ಒಂದಕ್ಕೊಂದು ಕಾದಾಡುತ್ತಿದ್ದ ಮನೆತನಗಳು. ಅವನ ಪ್ರಯಾಣಭತ್ಯೆಯ ಲೆಕ್ಕವನ್ನು ತಪಾಸಣೆ ಮಾಡಬೇಕಾದ ಕರಣಿಕನ ಪಾಡನ್ನು ನೆನೆದರೆ ನನಗೆ ಅಯ್ಯೋ ಎನಿಸುತ್ತದೆ.

ಕಥೆಯೇನೋ ನಿಮಗೆಲ್ಲ ಗೊತ್ತಿದ್ದದ್ದೇ. ತುಮಕೂರಿನ ಹತ್ತಿರದ ಕ್ರೀಡಾಪುರದವನು ಜಕಣ. ಕಲೆಯ ಹುಚ್ಚಿನಲ್ಲಿ ಮಡದಿಯನ್ನು ಬಿಟ್ಟು ದೇಶಾಂತರ ಹೋದ. ಹೋದಲ್ಲೆಲ್ಲ ಗುಡಿ ಕಟ್ಟಿದ. ಅವನು ಕಾಣದ ಮಗ ಡಂಕಣ ಬೆಳೆದು, ತಂದೆಯನ್ನು ಹುಡುಕುತ್ತ ಬೇಲೂರಿಗೆ ಬಂದ. ಪ್ರತಿಷ್ಠೆಗೆ ಸಿದ್ಧವಾಗಿದ್ದ ಮೂರ್ತಿಯ ಕಲ್ಲಿನಲ್ಲಿ ದೋಷವಿದೆ ಎಂದ. ದೋಷವನ್ನು ತೋರಿಸಿಕೊಟ್ಟರೆ ನನ್ನ ಬಲಗೈಯನ್ನೇ ಕಡಿದುಕೊಳ್ಳುತ್ತೇನೆ ಎಂದ ಜಕಣ. ಮೂರ್ತಿಗೆ ಗಂಧ ಬಳಿದರು. ಮೈಯೆಲ್ಲ ಒಣಗಿತು, ಹೊಕ್ಕುಳ ಬಳಿ ಮಾತ್ರ ಒಣಗಲಿಲ್ಲ. ಚಾಣದಿಂದ ತಟ್ಟಿದಾಗ ನೀರು, ಮರಳು, ಒಂದು ಜೀವಂತ ಕಪ್ಪೆ ಹೊರಬಿದ್ದವು. ಜಕಣ ಮಾತಿಗೆ ತಪ್ಪಲಿಲ್ಲ. ಬಳಿಕ ತಂದೆಮಕ್ಕಳಿಗೆ ಗುರುತಾಯಿತು. ಊರಿಗೆ ಮರಳಿ ಕೇಶವನ ಗುಡಿ ಕಟ್ಟಿದಾಗ ಹೋದ ಕೈ ಬಂತು, ಕ್ರೀಡಾಪುರ ಕೈದಾಳವಾಯಿತು. ಬೇಲೂರಿನಲ್ಲಿ ಇಂದಿಗೂ ಕಪ್ಪೆ ಚೆನ್ನಿಗರಾಯನಿದ್ದಾನೆ. ಈ ಕಥೆ ರಂಗವೇರಿತು, 1964ರಲ್ಲಿ ಬಿ. ಎಸ್. ರಂಗಾ ಅವರ 'ಅಮರಶಿಲ್ಪಿ ಜಕಣಾಚಾರಿ'ಯಾಗಿ ತೆರೆಗೂ ಬಂತು. ಪೂರ್ತಿಯಾಗಿ ಬಣ್ಣದಲ್ಲಿ ತೆಗೆದ ಕನ್ನಡದ ಮೊದಲ ಚಿತ್ರವದು.

ಶಾಸನಗಳನ್ನು ಕೇಳಿದರೆ ಮಾತ್ರ ಅವು ಬೇರೆಯೇ ಮಾತಾಡುತ್ತವೆ. ಬೇಲೂರಿನ ಗುಡಿಯಲ್ಲಿ ಅನೇಕ ಶಿಲ್ಪಿಗಳ ಹೆಸರುಗಳಿವೆ, ಜಕಣಾಚಾರಿಯ ಹೆಸರಿಲ್ಲ. ಕೈದಾಳದ ಚೆನ್ನಕೇಶವನನ್ನು 1150ರ ಸುಮಾರಿಗೆ ಬಾಚಿ ಎಂಬ ಸಾಮಂತ ಕಟ್ಟಿಸಿದನೆಂದು ಅಲ್ಲಿಯ ಶಾಸನ ಹೇಳುತ್ತದೆ. ಕಪ್ಪೆಯ ಸುದ್ದಿ ಅಲ್ಲಿಲ್ಲ. ಜಕಣಾಚಾರಿ ಎಂಬುದು 'ದಕ್ಷಿಣಾಚಾರ್ಯ' ಎಂಬುದರ ತದ್ಭವವಿರಬೇಕು, ಅದು ಒಬ್ಬ ವ್ಯಕ್ತಿಯ ಹೆಸರಲ್ಲ, ದಕ್ಷಿಣದ ಶಿಲ್ಪಿವರ್ಗದ ಹೆಸರು ಎಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಊಹೆ ಸೊಗಸಾಗಿದೆ. ಆದರೆ ಕಟ್ಟೆಯ ಮೇಲಿನ ಹಿರಿಯರ ಮುಂದೆ ಅದನ್ನು ಹೇಳುವ ಧೈರ್ಯ ನನಗಿಲ್ಲ.

ಇಂಥ ಸರ್ವವ್ಯಾಪಿ ಪುರುಷರು ನಮ್ಮಲ್ಲಿ ಮಾತ್ರ ಹುಟ್ಟಿದರೆಂದು ತಿಳಿಯಬೇಕಾಗಿಲ್ಲ. ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋಗಿರಿ, ಹಳೆಯ ಕಲ್ಲುಗುಡಿಗಳೆಲ್ಲ 'ಹೇಮಾಡಪಂತಿ' ಆಗಿಬಿಡುತ್ತವೆ. ಹೇಮಾಡಪಂತ, ಅಂದರೆ ಹೇಮಾದ್ರಿ, ದೇವಗಿರಿಯ ಯಾದವರ ಮಂತ್ರಿ, ಹದಿಮೂರನೆಯ ಶತಮಾನದವನು. ಅವನು ಹುಟ್ಟುವುದಕ್ಕೆ ನೂರು-ಇನ್ನೂರು ವರ್ಷ ಮೊದಲೇ ಎದ್ದುನಿಂತ ಗುಡಿಗಳನ್ನೂ ಜನ ಅವನ ಮಡಿಲಿಗೇ ಹಾಕಿದ್ದಾರೆ.

ಇನ್ನೂ ದೂರ ಹೋದರೆ ಸ್ಕಾಟ್ಲೆಂಡ್ ಸಿಗುತ್ತದೆ. ಅಲ್ಲಿಯವರಿಗೆ ಗಾಲ್ಫ್ ಎಂಬುದೊಂದು ಆಟವಿದೆ. ಚಿಣಿಪಣಿಯಾಚೆ ಕೋಲು ಹಿಡಿದವನಲ್ಲ ನಾನು. ಆದರೂ ಆ ಆಟದ ಒಂದು ವಿಷಯ ನನ್ನನ್ನು ಬಹಳ ಸೆಳೆದಿದೆ. ಆ ಬಯಲನ್ನು ಅಳೆದು, ದಿಬ್ಬವೆಲ್ಲಿ, ಮರಳುಗುಳಿಯೆಲ್ಲಿ, ಚೆಂಡು ಬೀಳುವ ಕುಳಿಯೆಲ್ಲಿ ಎಂದು ಗೊತ್ತುಮಾಡುವವನನ್ನೂ ಅವರು ವಾಸ್ತುಶಿಲ್ಪಿ ಎಂದೇ ಕರೆಯುತ್ತಾರೆ. ಈ ಶಿಲ್ಪಿಗಳ ಮೂಲಪುರುಷ ಸೇಂಟ್ ಆಂಡ್ರೂಸ್ ಊರಿನ ಮುದಿ ಟಾಮ್ ಮಾರಿಸ್. 1821ರಲ್ಲಿ ಹುಟ್ಟಿ 1908ರವರೆಗೆ ಬಾಳಿದವನು, ದೊಡ್ಡ ಗಡ್ಡದವನು. ದಿನಕ್ಕೆ ಒಂದು ಪೌಂಡು ಮತ್ತು ಪ್ರಯಾಣದ ಖರ್ಚು ಕೊಟ್ಟರೆ ಬಂದು, ಬಯಲಿನಲ್ಲಿ ನಡೆದಾಡಿ, ಗೂಟ ನೆಟ್ಟು, ಒಂದೆರಡು ದಿನಗಳಲ್ಲಿ ಕೆಲಸ ಮುಗಿಸಿ ಹೋಗುತ್ತಿದ್ದನೆಂದು ಹೇಳುತ್ತಾರೆ. ಇಂದು ಸ್ಕಾಟ್ಲೆಂಡಿನ ಎಷ್ಟೋ ಊರುಗಳು ನಮ್ಮ ಮೈದಾನವೂ ಮುದಿ ಟಾಮನದೇ ಎಂದು ಹೆಮ್ಮೆಪಡುತ್ತವೆ. ಅವರ ಜಕಣಾಚಾರಿ ಅವನು ಎನ್ನಬೇಕು.

ಅವನ ಗರಡಿಯಲ್ಲಿ ಪಳಗಿದ ಡೊನಾಲ್ಡ್ ರಾಸ್ 1899ರಲ್ಲಿ ಅಮೆರಿಕಕ್ಕೆ ಹೋದ; ನೂರಾರು ಮೈದಾನಗಳು ಅವನ ಹೆಸರಿನಲ್ಲಿವೆ. ಅವುಗಳಲ್ಲಿ ಎಷ್ಟೋ ನೆಲಗಳನ್ನು ಅವನು ನಕ್ಷೆಯಲ್ಲಿ ಕಂಡನೇ ಹೊರತು ಕಣ್ಣಾರೆ ಕಾಣಲಿಲ್ಲವಂತೆ. ಇನ್ನೊಬ್ಬ ಅಲಿಸ್ಟರ್ ಮೆಕೆಂಝಿ, ವೃತ್ತಿಯಿಂದ ವೈದ್ಯ. ಬೋಯರ್ ಯುದ್ಧದಲ್ಲಿ ಶತ್ರುಗಳು ನೆಲದಲ್ಲಿ ನೆಲವಾಗಿ ಅಡಗಿ ಕೂಡುವ ಉಪಾಯವನ್ನು ನೋಡಿ ಕಲಿತು, ಮನುಷ್ಯ ಮಾಡಿದ ದಿಬ್ಬವೂ ದೇವರು ಮಾಡಿದ್ದರಂತೆ ಕಾಣಬೇಕು ಎಂಬ ತತ್ತ್ವವನ್ನು ಮೈದಾನಕ್ಕೆ ತಂದ. ಅವನು ರೂಪಿಸಿದ ಅಗಸ್ಟಾ ಎಂಬಲ್ಲಿಯ ಮೈದಾನ ಲೋಕಪ್ರಸಿದ್ಧ. ಅಲ್ಲಿ ಮೊದಲ ಪಂದ್ಯಾವಳಿ ನಡೆದದ್ದು 1934ರ ಮಾರ್ಚಿನಲ್ಲಿ. ಮೆಕೆಂಝಿ ಆ ಜನವರಿಯಲ್ಲೇ ತೀರಿಕೊಂಡಿದ್ದ. ನಮ್ಮ ಬೆಂಗಳೂರಿನಲ್ಲಿಯೂ 1876ರಿಂದ ಗಾಲ್ಫ್ ಸಂಸ್ಥೆಯೊಂದಿದೆ. ಕಲ್ಲಾಗಲಿ ಹುಲ್ಲಾಗಲಿ, ಕಟ್ಟಿದವನನ್ನು ನೆನೆಯಬೇಕೆಂಬ ಆಸೆ ಎಲ್ಲ ಜನರಲ್ಲಿಯೂ ಒಂದೇ ಎಂದು ಹೇಳಲು ಇಷ್ಟು ದೂರ ಹೋಗಿಬಂದೆ.

ಈ ಆಸೆಯನ್ನು ನಾನು ಹಗುರಾಗಿ ಎಣಿಸುವವನಲ್ಲ. ಯೋಚಿಸಿ ನೋಡಿ: ಗುಡಿ ಕಟ್ಟಿಸಿದ ಅರಸರನ್ನು ನಮ್ಮ ಹಳ್ಳಿಯ ಜನ ಮರೆತರು. ದಂಡನಾಯಕರನ್ನು ಮರೆತರು. ಇಟಗಿಯ ಗುಡಿಯನ್ನು 'ದೇವಾಲಯ ಚಕ್ರವರ್ತಿ' ಎಂದು ಶಾಸನದಲ್ಲಿ ಹೊಗಳಿಸಿಕೊಂಡ ಮಹಾದೇವ ದಂಡನಾಯಕನ ಹೆಸರು ಪಂಡಿತರ ಬಾಯಲ್ಲಿ ಮಾತ್ರ ಉಳಿದಿದೆ. ಜನ ನೆನಪಿಟ್ಟದ್ದು ಒಬ್ಬ ಕಲ್ಲುಕುಟಿಗನನ್ನು. ದುಡ್ಡು ಕೊಟ್ಟವನಿಗಿಂತ ಕೈ ಕೊಟ್ಟವನು ದೊಡ್ಡವನೆಂದು ಅವರು ತೀರ್ಪು ಕೊಟ್ಟಿದ್ದಾರೆ. ಆ ಶಿಲ್ಪಿಯ ಹಿರಿಮೆಯನ್ನಾದರೂ ಎಲ್ಲಿ ಕಂಡರು? ಸಾವಿರ ಮೂರ್ತಿ ಕಡೆದದ್ದರಲ್ಲಲ್ಲ. ಒಬ್ಬ ಹುಡುಗ ತೋರಿಸಿದ ತಪ್ಪನ್ನು ಒಪ್ಪಿ ಕೈ ಕತ್ತರಿಸಿಕೊಂಡದ್ದರಲ್ಲಿ. ವಿದ್ವಾಂಸರ ನಡುವೆ ಬಹುಕಾಲ ಕಳೆದ ನನಗೆ ಈ ಗುಣ ಎಷ್ಟು ಅಪರೂಪದ್ದೆಂಬುದು ಚೆನ್ನಾಗಿ ಗೊತ್ತು.

ಆದರೆ ಈ ಭಕ್ತಿಗೆ ಒಂದು ಬೆಲೆಯೂ ಉಂಟು, ಅದನ್ನು ತೆತ್ತವರು ಬೇರೆ. ಒಬ್ಬನಿಗೆ ಎಲ್ಲವನ್ನೂ ಕೊಟ್ಟಾಗ ಉಳಿದವರಿಗೆ ಏನೂ ಉಳಿಯುವುದಿಲ್ಲ. ಉಳಿದವರೇನು ಹೆಸರಿಲ್ಲದವರೇ? ಅಲ್ಲ. ನಮ್ಮ ನಾಡಿನ ಶಿಲ್ಪಿಗಳು ಕಲ್ಲಿನ ಮೇಲೆ ತಮ್ಮ ರುಜು ಹಾಕಿದವರು. ಭಾರತದ ಬೇರೆ ಕಡೆ ಇದು ಇಷ್ಟು ವಿಪುಲವಾಗಿ ಕಾಣುವುದಿಲ್ಲ.

ಎಂಟನೆಯ ಶತಮಾನಕ್ಕೆ ಹೋಗೋಣ. ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯವಿದೆ. ಕಟ್ಟಿದವನು ಗುಂಡ ಅನಿವಾರಿತಾಚಾರಿ; ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು. ಅಲ್ಲಿಯೇ ಸರ್ವಸಿದ್ಧಿ ಆಚಾರಿಯನ್ನು ದಕ್ಷಿಣ ದಿಕ್ಕಿನ ಸೂತ್ರಧಾರಿ ಎಂದು ಕರೆದಿದ್ದಾರೆ. ಅವನು ಮನೆ, ಅರಮನೆಗಳಷ್ಟೇ ಅಲ್ಲದೆ ವಾಹನ, ಪೀಠ, ಮಂಚ, ಕಿರೀಟಗಳನ್ನೂ ಮಾಡಬಲ್ಲವನಾಗಿದ್ದನಂತೆ. ರಾಜನ ತಲೆಯ ಮೇಲಿನ ಮಕುಟದಿಂದ ಅವನು ಮಲಗುವ ಮಂಚದವರೆಗೆ ಎಲ್ಲಕ್ಕೂ ಒಬ್ಬನೇ ಆಚಾರಿ!

ಬೇಲೂರಿಗೆ ಬಂದರೆ, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ನೋಡಿ, ಇಲ್ಲಿಯೂ ತಂದೆ-ಮಗ ಇದ್ದಾರೆ. ಜಗಳವಿಲ್ಲದೆ, ಕಪ್ಪೆಯಿಲ್ಲದೆ, ಒಂದೇ ಗುಡಿಯಲ್ಲಿ ಮದನಿಕೆಯರನ್ನು ಕಡೆದವರು. ಜಕಣ-ಡಂಕಣರ ಕಥೆಗೆ ಇವರೇ ಬೀಜವೋ ಏನೋ. ಇವರ ಜೊತೆಗೆ ಮಲ್ಲಿಯಣ್ಣ, ನಾಗೋಜ, ಚಿಕ್ಕಹಂಪ ಮೊದಲಾದವರು. ಇನ್ನು ರೂವಾರಿ ಮಲ್ಲಿತಮ್ಮ: 1196ರ ಅಮೃತಾಪುರದ ಗುಡಿಯಲ್ಲಿ ಈ ಹೆಸರು ಮೊಳೆತು, ನುಗ್ಗೇಹಳ್ಳಿಯನ್ನು ಹಾದು, ಸೋಮನಾಥಪುರದವರೆಗೆ ಸುಮಾರು ಆರು ದಶಕ ನಮ್ಮ ಜೊತೆ ನಡೆಯುತ್ತದೆ. ನುಗ್ಗೇಹಳ್ಳಿಯಲ್ಲಿ ಅವನೊಂದು ಬದಿ, ಬೈಚೋಜ ಇನ್ನೊಂದು ಬದಿ ಕೆಲಸ ಮಾಡಿದ್ದಾರೆ. ಇವರು ವಿನಯವಂತರೆಂದು ಮಾತ್ರ ತಿಳಿಯಬೇಡಿ. ಹೊಯ್ಸಳ ರೂವಾರಿಗಳ ಬಿರುದುಗಳನ್ನು ನೋಡಿದರೆ, ಒಬ್ಬ ಎದುರಾಳಿ ಶಿಲ್ಪಿಗಳೆಂಬ ಬೆಟ್ಟಕ್ಕೆ ಸಿಡಿಲು; ಇನ್ನೊಬ್ಬ ಅವರ ಕೊರಳಿಗೆ ಕತ್ತರಿ. ನಮ್ಮ ವಿಮರ್ಶಕರೂ ಇಷ್ಟು ಬಿಚ್ಚುಮನಸ್ಸಿನಿಂದ ಬರೆದುಕೊಂಡದ್ದಿಲ್ಲ.

ಈ ಹೆಸರುಗಳನ್ನು ನಮಗೆ ಹೆಕ್ಕಿ ಕೊಟ್ಟವರಲ್ಲಿ ಮುಖ್ಯರು ಆರ್. ನರಸಿಂಹಾಚಾರ್ಯರು. ಕನ್ನಡ ಕವಿಗಳ ಚರಿತ್ರೆಯನ್ನು ಬರೆದವರೇ ಸೋಮನಾಥಪುರ, ಬೇಲೂರು ಗುಡಿಗಳ ಮೇಲೆ 1917 ಮತ್ತು 1919ರಲ್ಲಿ ಕಿರುಹೊತ್ತಗೆಗಳನ್ನು ಬರೆದರು; ಮೂರ್ತಿಯ ಪೀಠದ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿದರು. ಕವಿಗೂ ರೂವಾರಿಗೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿದ ದೊಡ್ಡ ಮನಸ್ಸು ಅದು. ನಾವು ಕನ್ನಡ ಎಂ. ಎ. ಓದಿದವರು ಪಂಪ, ರನ್ನರ ಕಾಲದೇಶಗಳಿಗಾಗಿ ಪುಟಗಟ್ಟಲೆ ವಾದ ಮಾಡಿದೆವು. ಅಣ್ಣಿಗೇರಿಯೆಂದರೆ ಪಂಪನ ನೆನಪು ಉಕ್ಕುತ್ತದೆ; ಅಲ್ಲಿಯ ಎಪ್ಪತ್ತಾರು ಕಂಬಗಳನ್ನು ನಿಲ್ಲಿಸಿದ ಕೈಗಳು ಯಾರವೆಂದು ನಮ್ಮ ಪ್ರಶ್ನಪತ್ರಿಕೆಗಳು ಎಂದೂ ಕೇಳಲಿಲ್ಲ.

'ರೂವಾರಿ' ಎಂಬ ಶಬ್ದದ ಗತಿಯನ್ನೇ ನೋಡಿ. ರೂಪವನ್ನು ಮಾಡುವವನು, ರೂಪಕಾರಿ, ಅವನೇ ರೂವಾರಿ. ಇಂದು ಪತ್ರಿಕೆ ತೆರೆದರೆ ಯೋಜನೆಯ ರೂವಾರಿ, ಒಪ್ಪಂದದ ರೂವಾರಿ, ಒಮ್ಮೊಮ್ಮೆ ಸಂಚಿನ ರೂವಾರಿಯೂ ಸಿಗುತ್ತಾನೆ. ಕಲ್ಲು ಕಡೆಯುವ ರೂವಾರಿ ಮಾತ್ರ ಇಲ್ಲ. ಶಿಲ್ಪಿಯ ಹೆಸರು ಹೋಯಿತು, ಹಿಂದೆಯೇ ಅವನ ವೃತ್ತಿಯ ಹೆಸರನ್ನೂ ಬೇರೆಯವರು ಹೊತ್ತುಕೊಂಡು ಹೋದರು.

ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಯಂತ್ರದ ಸದ್ದು ಕೇಳಿದಾಗಲೆಲ್ಲ ನನಗೆ ಈ ಬಳಗದ ನೆನಪಾಗುತ್ತದೆ. ಚಾಲುಕ್ಯರ ಕಾಲದ ಹೊಳೆಯುವ ದುಂಡುಗಂಬಗಳೂ ಒಂದು ಬಗೆಯ ಲೇತಿನ ಕೆಲಸವೇ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ; ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಅದನ್ನು ತಿರುಗಿಸುತ್ತ ಚಾಣ ಹಿಡಿದರೆ ಕತ್ತು, ಗಡಿಗೆ, ಬಳೆಗಳು ಮೂಡುತ್ತವೆ. ಒಬ್ಬ ತಿರುಗಿಸಬೇಕು, ಒಬ್ಬ ಹಿಡಿಯಬೇಕು, ಒಬ್ಬ ಅಳೆಯಬೇಕು. ಒಂದು ಕಂಬಕ್ಕೇ ಇಷ್ಟು ಜನ ಬೇಕಾದರೆ ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಉಣಕಲ್ಲಿನ ಗುಡಿಗೆ ಎಷ್ಟು ಜನ ಬೇಕಾಗಿರಬಹುದು! ಇಂದಿನ ಕಟ್ಟಡಗಳ ಬಾಗಿಲಲ್ಲೂ ಕಲ್ಲಿನ ಫಲಕಗಳಿವೆ. ಅಡಿಗಲ್ಲು ಇಟ್ಟವರ, ಉದ್ಘಾಟಿಸಿದವರ, ಅಧ್ಯಕ್ಷತೆ ವಹಿಸಿದವರ, ಉಪಸ್ಥಿತರಿದ್ದವರ ಹೆಸರುಗಳಿವೆ. ಗೋಡೆಗೆ ತೂಗುಗುಂಡು ಹಿಡಿದ ಗೌಂಡಿಯ ಹೆಸರಿಲ್ಲ. ಈ ಒಂದು ವಿಷಯದಲ್ಲಿ ಒಂಬೈನೂರು ವರ್ಷಗಳ ಹಿಂದಿನ ದಾಸೋಜ ನಮಗಿಂತ ಮುಂದಿದ್ದ.

ಪಟ್ಟದಕಲ್ಲು 1987ರಲ್ಲಿ, ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದವು. ಜನವರಿ ಒಂದರಂದು ನಮ್ಮ ಸರಕಾರವೇ ಜಕಣಾಚಾರಿಯ ಸಂಸ್ಮರಣಾ ದಿನವನ್ನು ಆಚರಿಸುತ್ತದೆ. ಸಂತೋಷವೇ. ಆದರೆ ಪಟ್ಟಿಗೆ ಸೇರದ ಗುಡಿಗಳು ನಮ್ಮ ಸುತ್ತ ನೂರಾರಿವೆ. ಉಣಕಲ್ಲಿನ ಗುಡಿಯನ್ನು ಮನೆಗಳು ಒತ್ತಿಕೊಂಡು ನಿಂತಿವೆ. ಎಷ್ಟೋ ಹಳ್ಳಿಗಳಲ್ಲಿ ಭಕ್ತಿಯಿಂದಲೇ ಬಳಿದ ಸುಣ್ಣ, ಎಣ್ಣೆಬಣ್ಣಗಳ ಕೆಳಗೆ ಪೀಠದ ಅಕ್ಷರಗಳು ಹೂತುಹೋಗುತ್ತಿವೆ. ಒಂದು ಪದರ ಬಣ್ಣಕ್ಕೆ ಒಬ್ಬ ಓಜನ ಹೆಸರು ಬಲಿ. ಆ ಹೆಸರನ್ನು ಇನ್ನೊಂದು ಕಡೆ ಯಾರೂ ಬರೆದಿಟ್ಟಿಲ್ಲ.

ಆದ್ದರಿಂದ ಕೇಳುಗರಲ್ಲಿ ನನ್ನದೊಂದು ಚಿಕ್ಕ ಬಿನ್ನಹ. ಮುಂದಿನ ಸಲ ಗುಡಿಗೆ ಹೋದಾಗ ದೇವರಿಗೆ ಕೈಮುಗಿದ ಮೇಲೆ ಸ್ವಲ್ಪ ಬಗ್ಗಿ ಪೀಠದ ಪಟ್ಟಿಯನ್ನೂ ನೋಡಿ. ಅಲ್ಲಿ ನಾಲ್ಕಾರು ಹಳಗನ್ನಡ ಅಕ್ಷರ ಕಂಡರೆ ಅದರ ಮೇಲೆ ಸುಣ್ಣ ಬೀಳದಂತೆ ಪೂಜಾರಿಗಳಿಗೆ ಒಂದು ಮಾತು ಹೇಳಿ. ಓದಬಲ್ಲವರಿಗೆ ಸುದ್ದಿ ಮುಟ್ಟಿಸಿ. ಕಟ್ಟೆಯ ಮೇಲಿನ ಹಿರಿಯರು 'ಇದು ಜಕಣಾಚಾರಿದರೀ' ಎಂದರೆ ಅಲ್ಲವೆನ್ನಬೇಡಿ. 'ಹೌದರೀ ಯಜಮಾನ್ರ, ಅವನ ಜೋಡಿ ದಾಸೋಜ, ಮಲ್ಲಿತಮ್ಮ ಅಂತ ಇನ್ನೂ ಭಾಳ ಮಂದಿ ಇದ್ರಂತ' ಎಂದು ಪಕ್ಕದಲ್ಲಿ ಕುಳಿತುಕೊಳ್ಳಿ. ಅವರು ಖಂಡಿತ ಜಾಗ ಕೊಡುತ್ತಾರೆ.